ಮಗು ಹೇಗಿದೆ?

ದೂರದ ಊರಿನಲ್ಲಿ ಓದುವ ಮಗನಿಂದ ವಾರವೊಂದು ಕಾಗದ ಬಾರದಿದ್ದರೆ ತಾಯಿಯ ಮುಖ ಹೇಗೆ ಬಾಡುತ್ತಿತ್ತೆಂಬುದನ್ನು ಹಿರಿಯ ವಾಚಕರು ಮರೆತಿರಲಾರರು. ಅಂಚೆಯವನು ಬಾಗಿಲಲ್ಲಿ ನಿಲ್ಲದೆ ಮುಂದೆ ಹೋದನೆಂದರೆ ಅಂದಿನ ಊಟ ರುಚಿಸುತ್ತಿರಲಿಲ್ಲ. ಆದರೂ ಆಕೆಗೊಂದು ಧೈರ್ಯವಿತ್ತು: ಮಗ ತನ್ನವನು, ಅವನ ಕ್ಷೇಮವನ್ನು ವಿಚಾರಿಸುವ ಹಕ್ಕು ತನಗುಂಟು. ಆ ಹಕ್ಕೂ ಇಲ್ಲದೆ ಕಾಯುವವರು ಜಗತ್ತಿನಲ್ಲಿದ್ದಾರೆ. ಪರದೇಶದ ಮಗುವೊಂದನ್ನು ದತ್ತು ಪಡೆಯಲು ಒಪ್ಪಿ, ಅದನ್ನು ಕರೆತರುವ ದಿನವನ್ನು ಎಣಿಸುತ್ತ ಕುಳಿತ ದಂಪತಿಗಳು ಅವರು.

ಚೀನಾ ದೇಶದ ಸಂಗತಿಯನ್ನೇ ನೋಡೋಣ. 1992ರಲ್ಲಿ ಅಲ್ಲಿ ದತ್ತಕದ ಕಾನೂನು ಜಾರಿಗೆ ಬಂದ ಮೇಲೆ 1,60,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳ ಮನೆಗಳನ್ನು ಸೇರಿದರು. ಸುಮಾರು ಅರ್ಧದಷ್ಟು ಮಕ್ಕಳು ಹೋದದ್ದು ಅಮೆರಿಕಕ್ಕೆ. ಮೊದಮೊದಲು ಹೆಣ್ಣುಕೂಸುಗಳೇ ಹೆಚ್ಚು. ಮನೆಗೊಂದೇ ಮಗುವೆಂಬ ಸರ್ಕಾರದ ಕಟ್ಟಳೆ ಒಂದು ಕಡೆ, ಗಂಡೇ ಬೇಕೆಂಬ ಹಂಬಲ ಇನ್ನೊಂದು ಕಡೆ. ನಡುವೆ ಸಿಕ್ಕ ಕೂಸು ಅನಾಥಾಲಯದ ಪಾಲು. ಬರಬರುತ್ತ ಕಾಯಿಲೆಯ ಇಲ್ಲವೆ ಅಂಗವೈಕಲ್ಯದ ಮಕ್ಕಳೇ ಬಹುಪಾಲಾದರು.

ಇಂಥ ಮಗು ದಂಪತಿಗಳಿಗೆ ಮೊದಲು ಪರಿಚಯವಾಗುವುದು ಒಂದು ಕಡತದ ಮೂಲಕ: ಒಂದೆರಡು ಭಾವಚಿತ್ರ, ತೂಕ, ಎತ್ತರ, ವೈದ್ಯರ ಟಿಪ್ಪಣಿ. ಅವರು ಒಪ್ಪಿಗೆ ಕಳುಹಿಸುತ್ತಾರೆ. ಮನೆಯಲ್ಲೊಂದು ಪುಟ್ಟ ಮಂಚ ಸಿದ್ಧವಾಗುತ್ತದೆ. ಮಗು ತಮ್ಮನ್ನು ಗುರುತಿಸಲೆಂದು ತಮ್ಮ ಚಿತ್ರಗಳನ್ನು ಅನಾಥಾಲಯಕ್ಕೆ ಕಳುಹಿಸುವವರುಂಟು. ಆ ಕ್ಷಣದಿಂದ ಕಾಯುವವರು ಇಬ್ಬರಲ್ಲ, ಮೂವರು.

2020ರ ಆರಂಭದಲ್ಲಿ ಕೋವಿಡ್ ಪಿಡುಗು ಬಂದೊಡನೆ ಚೀನಾ ಈ ಕಾರ್ಯವನ್ನೆಲ್ಲ ನಿಲ್ಲಿಸಿತು. ಒಪ್ಪಿಗೆ ಪಡೆದು ಪ್ರಯಾಣಕ್ಕಾಗಿ ಕಾದಿದ್ದ ಕುಟುಂಬಗಳು ನೂರಾರು. ತಿಂಗಳುಗಳು ವರ್ಷಗಳಾದವು. ಪಿಡುಗಿಗೆ ಮೊದಲೇ ಪ್ರಯಾಣದ ಅನುಮತಿ ದೊರೆತಿದ್ದ ಕೆಲವರಿಗೆ 2023ರಲ್ಲಿ ದಾರಿ ತೆರೆಯಿತು. ಉಳಿದವರು ಮತ್ತೆ ಕಾದರು. 2024ರ ಸೆಪ್ಟೆಂಬರ್ 5ರಂದು ಪ್ರಕಟಣೆ ಬಂದಿತು: ಹತ್ತಿರದ ರಕ್ತಸಂಬಂಧಿಗಳ ಮಕ್ಕಳು, ಮಲಮಕ್ಕಳು, ಇವರ ಹೊರತು ಇನ್ನು ಪರದೇಶಕ್ಕೆ ದತ್ತು ಇಲ್ಲ. ಅರ್ಧ ನಡೆದ ಅರ್ಜಿಗಳನ್ನೂ ಮುಂದುವರಿಸುವುದಿಲ್ಲ. ಭಾವಚಿತ್ರದಲ್ಲಿ ನಾಲ್ಕು ವರ್ಷದ್ದಾಗಿದ್ದ ಮಗುವಿಗೆ ಆಗ ಎಂಟು ತುಂಬಿತ್ತು. ಅದಕ್ಕೆಂದು ಕೊಂಡಿಟ್ಟ ಅಂಗಿ ಅದಕ್ಕಿನ್ನು ಹಿಡಿಸದು.

ತನ್ನ ಮಕ್ಕಳನ್ನು ತನ್ನಲ್ಲೇ ಬೆಳೆಸುವೆನೆಂದು ಒಂದು ದೇಶ ಹೇಳಿದರೆ ಅದನ್ನು ತಪ್ಪೆನ್ನಲಾಗದು. ಸ್ವದೇಶದಲ್ಲಿ ತಕ್ಕ ಮನೆ ದೊರೆಯದಾಗ ಮಾತ್ರ ಪರದೇಶವೆಂಬುದೇ 1993ರ ಹೇಗ್ ಒಡಂಬಡಿಕೆಯ ಆಶಯ. ಹುಟ್ಟಿದ ಭಾಷೆ, ನೆಲ, ನಂಟು ಎಲ್ಲವನ್ನೂ ತೊರೆದು ಹೋಗುವುದು ಮಗುವಿಗೆ ಸಣ್ಣ ನಷ್ಟವೇನಲ್ಲ. ಆದರೆ ‘ನಿನ್ನ ಅಮ್ಮ ಬರುತ್ತಾಳೆ’ ಎಂದು ಒಮ್ಮೆ ಹೇಳಿದ ಮೇಲೆ, ಏಕೆ ಬರಲಿಲ್ಲವೆಂದು ಹೇಳುವ ಹೊಣೆಯೂ ಹಿರಿಯರ ಮೇಲೆ ಬೀಳುತ್ತದೆಯಲ್ಲವೆ?

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಮಗು ಹೊಸ ಮನೆ ಸೇರಿದ ಬಳಿಕ ಅದು ಹೇಗಿದೆಯೆಂದು ಹಲವು ವರ್ಷಗಳವರೆಗೆ ವರದಿ ಕಳುಹಿಸಬೇಕೆಂದು ಚೀನಾ ವಿಧಿಸಿತ್ತು. ಕಳುಹಿಸಿಕೊಟ್ಟ ದೇಶಕ್ಕೆ ಮಗುವಿನ ಸಮಾಚಾರ ಬೇಕು, ನ್ಯಾಯವೇ. ಕೈಗೆ ಬಾರದ ಮಗುವಿಗಾಗಿ ನಾಲ್ಕು ವರ್ಷ ಕಾದ ತಾಯಿಗೂ ಅದು ಬೇಕೆಂಬುದು ಅನ್ಯಾಯವೆ? ಮಗುವನ್ನು ಕೊಡಿರೆಂದು ಹಟ ಹಿಡಿಯಲು ಆಕೆಗೆ ಕಾನೂನಿನ ಆಸರೆ ಇಲ್ಲ. ಆದರೆ ಅದರ ಶಸ್ತ್ರಚಿಕಿತ್ಸೆ ಆಯಿತೆ, ಶಾಲೆಗೆ ಹೋಗುತ್ತಿದೆಯೆ, ಬೇರೆ ಯಾರಾದರೂ ಮಡಿಲಿಗೆ ತೆಗೆದುಕೊಂಡರೆ ಎಂದು ತಿಳಿಸಲು ಒಂದು ಸಾಲು ಸಾಕು. ಅದರಿಂದ ಯಾವ ರಾಜ್ಯದ ಗೌರವಕ್ಕೂ ಕುಂದು ಬಾರದು.

ಕಾಯುವಿಕೆ ಮುಗಿಯಿತೆಂದು ಕಚೇರಿ ಬರೆದು ಮುಗಿಸಬಹುದು. ಮನೆಯಲ್ಲಿ ಅದು ಹಾಗೆ ಮುಗಿಯುವುದಿಲ್ಲ. ವರ್ಷಕ್ಕೊಮ್ಮೆ ಆ ಮಗುವಿನ ಹುಟ್ಟುಹಬ್ಬದ ದಿನ ಬಂದೇ ಬರುತ್ತದೆ. ಅಂದು ಪುಟ್ಟ ಮಂಚದ ಬಳಿ ನಿಂತು ಒಬ್ಬಾಕೆ ಕೇಳಿಕೊಳ್ಳುತ್ತಾಳೆ, ‘ಮಗು ಹೇಗಿದೆ?’ ಸಾವಿರಾರು ಮೈಲಿಗಳಾಚೆ ಆ ಮಗುವೂ ಏನನ್ನೋ ಕೇಳಿಕೊಳ್ಳುತ್ತಿರಬಹುದು. ಎರಡು ಪ್ರಶ್ನೆಗಳಿಗೂ ಉತ್ತರ ಬಲ್ಲವರು ಒಬ್ಬರೇ; ಅವರು ಬಾಯಿಬಿಡಬೇಕು, ಅಷ್ಟೆ.