ಡಬ್ಬಿ ತನ್ನಿ, ಬಟ್ಟೆ ಹಾಸಿ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಬಂಧುಗಳೇ,

ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ಬಂದಾಗ, ಪೊಟ್ಟಣ ಬಿಚ್ಚುವ ಮೊದಲು ಒಂದು ನಿಮಿಷ ತಡೆಯಿರಿ. ಸಾಂಬಾರಿನ ಕವರನ್ನು ಮುಟ್ಟಿ ನೋಡಿ. ಬೆರಳು ಚುರುಕ್ ಎನ್ನುತ್ತದೆ. ಕವರು ಹೊಟ್ಟೆ ಉಬ್ಬಿಸಿಕೊಂಡು ಮೆತ್ತಗಾಗಿರುತ್ತದೆ, ಕುತ್ತಿಗೆಗೆ ದಾರ ಬಿಗಿದಿರುತ್ತದೆ. ಮೂಲೆ ಕತ್ತರಿಸಿ ಬಟ್ಟಲಿಗೆ ಸುರಿದ ಮೇಲೂ ಒಳಮೈಗೆ ಕೆಂಪೆಣ್ಣೆ ಅಂಟಿಕೊಂಡೇ ಇರುತ್ತದೆ. ಎಷ್ಟು ತೊಳೆದರೂ ಬಿಡುವುದಿಲ್ಲ. ಎಣ್ಣೆ ಕವರಿಗೆ ಹತ್ತಿದ ಹಾಗೆಯೇ ಕವರಿನದೂ ಸಾಂಬಾರಿಗೆ ಇಳಿಯುತ್ತದೆ. ಶಾಖ, ಜಿಡ್ಡು, ಹುಳಿ ಈ ಮೂರೂ ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕಗಳನ್ನು ಹೊರಗೆಳೆಯುತ್ತವೆ. ನಮ್ಮ ಸಾಂಬಾರಿನಲ್ಲಿ ಮೂರೂ ಇವೆ.

ಈ ಕರಪತ್ರ ಆ ಕವರಿನ ಬಗ್ಗೆ, ಇಡ್ಲಿ ತಟ್ಟೆಗೆ ಹಾಸುವ ಹಾಳೆಯ ಬಗ್ಗೆ, ಕಾಫಿ ಹುಯ್ಯುವ ಪೇಪರ್ ಲೋಟದ ಬಗ್ಗೆ. ನಾವು ಕೇಳುವುದು ಎರಡೇ. ತಿನ್ನುವವರು ಮನೆಯಿಂದ ಡಬ್ಬಿ ತನ್ನಿ. ಬೇಯಿಸುವವರು ಇಡ್ಲಿ ತಟ್ಟೆಗೆ ಬಟ್ಟೆ ಹಾಸಿ.

ಇದನ್ನು ಬರೆಯುತ್ತಿರುವ ನಾನು ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವಳು. ಒಂದು ಬೆಳಿಗ್ಗೆ ಆರೂವರೆಗೆ ಸಣ್ಣದೊಂದು ಹೋಟೆಲಿನ ಒಲೆಯ ಪಕ್ಕ ಪಾರ್ಸೆಲ್‌ಗೆ ಕಾಯುತ್ತ ನಿಂತಿದ್ದೆ. ಇಡ್ಲಿ ಪೆಟ್ಟಿಗೆಯ ಬಾಗಿಲು ತೆರೆದರು, ಹಬೆ ನುಗ್ಗಿತು. ಹುಡುಗ ತಟ್ಟೆ ಎಳೆದು ಕಟ್ಟೆಯ ಮೇಲೆ ಕವುಚಿದ. ಒದ್ದೆ ಬಟ್ಟೆ ಸುಲಿಯುವಾಗ ಒಂದು ಸಣ್ಣ ಸದ್ದು ಬರುತ್ತದಲ್ಲ, ಅದು ಬರಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಇಡ್ಲಿಗಳಿಂದ ಜಾರಿಕೊಂಡು ಎದ್ದಿತು. ಅದರ ಅಂಚು ಬಿಸಿಗೆ ಮುದುರಿತ್ತು, ಒಂದು ಕಡೆ ಹೆಬ್ಬೆರಳಿನ ಉಗುರಿನಷ್ಟು ತೂತು ಬಿದ್ದಿತ್ತು. ತೂತಿನಷ್ಟು ಪ್ಲಾಸ್ಟಿಕ್ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ. ಪಾರ್ಸೆಲ್ ಹಿಡಿದು ಮನೆಗೆ ಬಂದೆ, ಎಂಬತ್ತು ದಾಟಿದ ಅಮ್ಮನಿಗೆ ಅದೇ ಇಡ್ಲಿ ತಿನ್ನಿಸಿದೆ. ಅವತ್ತು ಬಾಯಿ ಬಿಡದೆ ಬಂದೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಇದು ಒಂದು ಅಂಗಡಿಯ ಕಥೆಯಾಗಿದ್ದರೆ ಕರಪತ್ರ ಬೇಕಿರಲಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 251 ಕಡೆ ಇಡ್ಲಿ ಪರಿಶೀಲಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಐದರಲ್ಲಿ ಒಂದು! ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇದರಿಂದ ಕ್ಯಾನ್ಸರ್‌ಕಾರಕ ಅಂಶಗಳು ಇಡ್ಲಿಗೆ ಸೇರಬಹುದು ಎಂದು ಎಚ್ಚರಿಸಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸುವುದನ್ನು ನಿಷೇಧಿಸುವುದಾಗಿ ಹೇಳಿದರು. ಕೆಲವು ದಿನ ಪತ್ರಿಕೆಗಳಲ್ಲಿ ಬಂತು, ಟಿವಿಯಲ್ಲಿ ಬಂತು, ಆಮೇಲೆ ಎಲ್ಲರೂ ಮರೆತೆವು. ನಿಷೇಧವೇನೂ ಹೊಸದಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲವನ್ನೂ ನಿಷೇಧಿಸಿದ್ದು 2016ರ ಮಾರ್ಚ್ 11ರಂದು. ಕಾಗದದ ಮೇಲೆ ಕಾನೂನು ಇಷ್ಟು ವರ್ಷದಿಂದ ಇದೆ. ತಳ್ಳುಗಾಡಿಗಳಲ್ಲಿ ಈಗಲೂ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹಾಕಿ ಅದರ ಮೇಲೆ ಬಿಸಿ ಬಿಸಿ ಚಿತ್ರಾನ್ನ ಬಡಿಸುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಹೋಟೆಲಿನವರನ್ನು ಬೈದರೆ ಮುಗಿಯಿತು ಎಂದು ನಾನು ಹೇಳಲಾರೆ. ಆಮೇಲೊಂದು ದಿನ ಇನ್ನೊಂದು ಹೋಟೆಲಿನ ಗಲ್ಲಾದ ಮುಂದೆ ನಿಂತು ಕೇಳಿಯೇ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಅಮ್ಮಾ, ಬಟ್ಟೆ ಒಗೆಯೋಕೆ ಜನ ಎಲ್ಲಿ ಸಿಗ್ತಾರೆ ಹೇಳಿ" ಅಂದರು. ಅವರ ಕಷ್ಟ ನಿಜವಾದ ಕಷ್ಟ. ಪ್ರತಿ ಒಬ್ಬೆಗೂ ಬಟ್ಟೆ ಒದ್ದೆ ಮಾಡಿ ಹಿಂಡಿ ಹಾಸಬೇಕು. ಬೆಂದ ಮೇಲೆ ನೀರು ಚಿಮುಕಿಸಿ ಇಡ್ಲಿ ಒಡೆಯದ ಹಾಗೆ ಸುಲಿಯಬೇಕು. ವ್ಯಾಪಾರ ಮುಗಿದ ಮೇಲೆ ಹಿಟ್ಟು ಹಿಡಿದ ಬಟ್ಟೆಗಳನ್ನು ಕುದಿಯುವ ನೀರಿನಲ್ಲಿ ಹಾಕಿ, ಒಗೆದು, ಬಿಸಿಲಿಗೆ ಹರವಬೇಕು. ಒಂದು ದಿನ ತಪ್ಪಿದರೂ ಬಟ್ಟೆ ಹುಳಿವಾಸನೆ ಹಿಡಿಯುತ್ತದೆ. ಇಷ್ಟಕ್ಕೂ ಒಬ್ಬ ಆಳು ಬೇಕು, ನೀರು ಬೇಕು. 2024ರ ಬೇಸಿಗೆಯಲ್ಲಿ ಊರಿಗೆ ನೀರೇ ಇರಲಿಲ್ಲ. ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿದ್ದ ಕಾಲ. ಆಗ ಪಾತ್ರೆ ತೊಳೆಯುವ ನೀರು ಉಳಿಸಲು ಎಷ್ಟೋ ಹೋಟೆಲುಗಳು ಬಿಸಾಡುವ ತಟ್ಟೆ ಲೋಟಕ್ಕೆ ಇಳಿದವು. ಆಮೇಲೆ ಮಳೆ ಬಂತು, ಕನ್ನಂಬಾಡಿ ಕಟ್ಟೆ ತುಂಬಿತು. ಪೇಪರ್ ಲೋಟ ಮಾತ್ರ ಹಲವು ಕೌಂಟರುಗಳಿಂದ ಕೆಳಗಿಳಿಯಲೇ ಇಲ್ಲ.

ಪೇಪರ್ ಲೋಟ ಪೇಪರಿನದೇ ತಾನೆ ಎಂದು ತುಂಬ ಜನ ನಂಬಿದ್ದಾರೆ. ಒಂದನ್ನು ಹರಿದು ನೋಡಿ. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಬಿಡಿಸಿಕೊಂಡು ಬರುತ್ತದೆ. ಕಾಫಿ ಸೋರದಂತೆ ತಡೆಯುವುದು ಅದೇ. ಖರಗ್‌ಪುರದ ಐಐಟಿಯವರು 2020ರಲ್ಲಿ ಇದನ್ನು ಪರೀಕ್ಷಿಸಿದರು. 85ರಿಂದ 90 ಡಿಗ್ರಿ ಬಿಸಿಯ 100 ಎಂಎಲ್ ನೀರನ್ನು ಪೇಪರ್ ಲೋಟದಲ್ಲಿ 15 ನಿಮಿಷ ಬಿಟ್ಟರೆ ಅದರೊಳಗೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಕಂಡುಕೊಂಡರು. ಲೋಟಕ್ಕೆ ಹುಯ್ಯುವಾಗ ನಮ್ಮ ಸ್ಟ್ರಾಂಗ್ ಕಾಫಿಯೂ ಹೆಚ್ಚುಕಮ್ಮಿ ಅಷ್ಟೇ ಬಿಸಿ. ದಿನಕ್ಕೆ ಮೂರು ಸಲ ಆಫೀಸಿನ ಪಕ್ಕದ ಅಂಗಡಿಯಲ್ಲಿ ಕುಡಿಯುವ ಮಕ್ಕಳ ಲೆಕ್ಕ ನೀವೇ ಹಾಕಿ.

ಸ್ಟೀಲ್ ಲೋಟ ಕೇಳಿ ಕುಡಿಯಿರಿ. ಇದ್ದರೂ ಅವಸರದಲ್ಲಿ ಪೇಪರ್ ಲೋಟ ಮುಂದಿಡುತ್ತಾರೆ, ಕೇಳಿದರೆ ಖಂಡಿತ ಕೊಡುತ್ತಾರೆ. ಬೈಟು ಕಾಫಿಯ ಊರು ಇದು. ಒಂದು ಕಾಫಿ, ಎರಡು ಲೋಟ, ನಡುವೆ ಇಬ್ಬರು ಸ್ನೇಹಿತರು. 1983ರಲ್ಲಿ ಜಯನಗರದಲ್ಲಿ ದರ್ಶಿನಿ ಶುರುವಾದಾಗ ನಿಂತು ತಿನ್ನುವುದು ನಮಗೆ ಹೊಸದಾಗಿತ್ತು. ಕುರ್ಚಿ ಹೋಯಿತು, ಮಾಣಿ ಹೋದ. ತೊಳೆದು ಮತ್ತೆ ಇಡುವ ತಟ್ಟೆ ಲೋಟ ಮಾತ್ರ ಉಳಿದಿತ್ತು. ಈಗ ಅದೂ ಹೋಗುತ್ತಿದೆ.

ನಮ್ಮ ಈ ಮೂರು ಬಡಾವಣೆಗಳು ಹೇಗೆ ಬೆಳೆದವು ಎಂಬುದು ನೆನಪಿರಲಿ. ಚಾಮರಾಜಪೇಟೆ 1892ರದ್ದು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗ್ ಮಾರಿ ಪೇಟೆಯನ್ನು ಬಡಿದ ಮೇಲೆ. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸಲು ಓಣಿ: ಜನ ಕಾಯಿಲೆ ಬೀಳದಿರಲಿ ಎಂದೇ ಹೀಗೆ ಅಳತೆ ಮಾಡಿ ಹಾಕಿದರು. 1924ರಲ್ಲಿ ಶುರುವಾದ, ಪಕ್ಕದ ಮಾವಳ್ಳಿಯ ಎಂಟಿಆರ್ ಹೋಟೆಲನ್ನು ನೋಡಿ. ಅದರ ಯಜಮಾನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿ ನೋಡಿ ಬಂದರು. ಬಂದವರೇ ಪಾತ್ರೆಗಳನ್ನು ಕುದಿನೀರಿನಲ್ಲಿ ತೊಳೆಯುವ ಪದ್ಧತಿ ತಂದರು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಯೇ ಊಟಕ್ಕೆ ಕೂರಲಿ ಎಂದು ಒತ್ತಾಯ ಮಾಡಿದರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಇವತ್ತಿಗೂ ಸಪ್ಲೈಯರ್ ಮೊಣಕೈವರೆಗೆ ದೋಸೆ ತಟ್ಟೆ ಜೋಡಿಸಿಕೊಂಡು ಬರುತ್ತಾರೆ. ಅಷ್ಟು ಜನಸಂದಣಿಯಲ್ಲೂ ಆ ತಟ್ಟೆಗಳನ್ನು ಯಾರೋ ಒಳಗೆ ತೊಳೆಯುತ್ತಲೇ ಇದ್ದಾರೆ. ಆದ್ದರಿಂದ ಆಗುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ನಮ್ಮ ಪಾಲಿನ ತಪ್ಪು. ಇಡ್ಲಿ ಕೆಳಗಿನ ಹಾಳೆ ಹೋಟೆಲಿನವರದ್ದಾದರೆ ಸಾಂಬಾರಿನ ಕವರು ಪೂರ್ತಿ ನಮ್ಮದು. ನಾವು ಬರಿಗೈಯಲ್ಲಿ ಹೋಗಿ "ಎರಡು ಪ್ಲೇಟ್ ಇಡ್ಲಿ, ಸಾಂಬಾರ್ ಜಾಸ್ತಿ ಕಟ್ಟಿ" ಅನ್ನುತ್ತೇವೆ. ಅವರು ಇನ್ನು ಯಾವುದರಲ್ಲಿ ಕೊಡಬೇಕು? ಹೋಟೆಲಿನಿಂದ ತರುವುದಾದರೆ ನಮ್ಮಮ್ಮ ನಮ್ಮ ಕೈಗೆ ಮೂರು ಅಂತಸ್ತಿನ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದಳು. ಕೆಳಗಿನದು ಸಾಂಬಾರಿಗೆ, ನಡುವಿನದು ಇಡ್ಲಿಗೆ, ಮೇಲಿನದು ಚಟ್ನಿಗೆ. ದೋಸೆಯಾದರೆ ಬಾಳೆಎಲೆಯಲ್ಲಿ ಸುತ್ತಿ ಹೊರಗೆ ಪೇಪರ್, ಅದಕ್ಕೆ ದಾರ. (ಆ ನ್ಯೂಸ್‌ಪೇಪರ್ ಕೂಡ ಒಳ್ಳೆಯದಲ್ಲ. ಅದರ ಮಸಿ ಆಹಾರಕ್ಕೆ ಇಳಿಯುತ್ತದೆ, ಸುತ್ತಬೇಡಿ ಎಂದು 2023ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮತ್ತೊಮ್ಮೆ ಹೇಳಿದೆ. ಬೋಂಡ, ಬಜ್ಜಿ ಕಟ್ಟುವವರು ಇದನ್ನು ಗಮನಿಸಬೇಕು.) ಈಗ ನಡೆದು ಹೋಗುವುದೂ ತಪ್ಪಿದೆ. ಮನೆಬಾಗಿಲಿಗೆ ತಿಂಡಿ ತಲುಪಿಸುವ ಸ್ವಿಗ್ಗಿ 2014ರಲ್ಲಿ ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ. ಕಾಯಿಲೆಯವರಿಗೆ, ಒಂಟಿಯಾಗಿರುವ ಹಿರಿಯರಿಗೆ ಅದು ದೊಡ್ಡ ಉಪಕಾರವೇ. ಆದರೆ ಐದು ನಿಮಿಷ ನಡೆದರೆ ಸಿಗುವ ಹೋಟೆಲಿನಿಂದ, ಕೈಕಾಲು ಗಟ್ಟಿ ಇರುವ ನಾವು ಖಾರಾಬಾತು ತರಿಸಿಕೊಂಡು ನಾಲ್ಕು ಪ್ಲಾಸ್ಟಿಕ್ ಡಬ್ಬಿ ಬಿಸಾಡುವುದು ಸರಿಯಲ್ಲ.

ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ ಹೋಯಿತು, ಮಂಡೂರಿಗೆ ಹೋಯಿತು. ನೊಣ, ನಾತ, ಕೆಟ್ಟ ನೀರು ತಾಳಲಾರದೆ ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ಕೂತರು. ಕಸ ಸುರಿಯುವುದು ಅಲ್ಲಿ ನಿಂತಿತು, ಇನ್ನೊಂದು ಊರಿನ ಹಣೆಗೆ ಹೋಯಿತು. ವೃಷಭಾವತಿ ನದಿಯ ಗತಿಯೂ ಇದೇ. ಒಂದು ಸೆಲೆ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಎಂದು ಹಿರಿಯರು ಹೇಳುತ್ತಾರೆ, ಇನ್ನೊಂದು ಕಾಡು ಮಲ್ಲೇಶ್ವರನ ಕಡೆಯದು. ಬಸವನಗುಡಿಗೂ ಮಲ್ಲೇಶ್ವರಕ್ಕೂ ತಾಯಿಯಂಥ ನದಿ. ಅದು ಕಪ್ಪು ನೊರೆಯಾಗಿ, ಕವರುಗಳನ್ನು ಹೊತ್ತು ಮೈಸೂರು ರಸ್ತೆಯ ಪಕ್ಕ ಹರಿದು ಬೈರಮಂಗಲದ ರೈತರ ಹೊಲ ತಲುಪುತ್ತದೆ. ನಮ್ಮ ಮನೆಯ ಸಾಂಬಾರಿನ ಕವರು ಅದರಲ್ಲಿದೆ.

ಹೋಟೆಲ್ ಮಾಲೀಕರೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇವೆ. ಇಡ್ಲಿಗೆ ಬಟ್ಟೆ ಹಾಸಿ, ಇಲ್ಲವೇ ಎಣ್ಣೆ ಸವರಿ ಹಾಗೆಯೇ ತಟ್ಟೆಗೆ ಹಿಟ್ಟು ಹುಯ್ಯಿರಿ. ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಡಬ್ಬಿ ತಂದವರಿಗೆ ಪಾರ್ಸೆಲ್ ಚಾರ್ಜ್ ಹಾಕಬೇಡಿ. ಸಾಂಬಾರ್ ಅಳತೆ ತಪ್ಪುತ್ತದೆ ಎಂಬ ಆತಂಕವಿದ್ದರೆ ಒಂದು ಸೌಟು ಗೊತ್ತು ಮಾಡಿಕೊಳ್ಳಿ, ನಾವು ಜಗಳ ಆಡುವುದಿಲ್ಲ. ಬಟ್ಟೆ ಒಗೆಯುವ ಆಳಿಗಾಗಿ ಪ್ಲೇಟಿಗೆ ಎರಡು ರೂಪಾಯಿ ಹೆಚ್ಚಿಸಬೇಕಾದರೆ ಹೆಚ್ಚಿಸಿ, ಯಾಕೆಂದು ಬೋರ್ಡಿನಲ್ಲಿ ಬರೆಯಿರಿ. ನಾವು ಕೊಡುತ್ತೇವೆ.

ತಿನ್ನುವವರೇ, ಡಬ್ಬಿ ತೊಳೆದು ಒಣಗಿಸಿ ತನ್ನಿ. ಜಿಡ್ಡು ಡಬ್ಬಿ ಮುಂದಿಟ್ಟರೆ ಅವರು ಬೇಸರ ಪಡುವುದು ನ್ಯಾಯವೇ. ಸ್ಕೂಟರ್ ಡಿಕ್ಕಿಯಲ್ಲಿ ಎರಡು ಸ್ಟೀಲ್ ಡಬ್ಬಿ, ಒಂದು ಲೋಟ ಯಾವಾಗಲೂ ಇರಲಿ. ಹಾಳೆ ಕಂಡರೆ ನನ್ನ ಹಾಗೆ ಸುಮ್ಮನೆ ಬರಬೇಡಿ. ಮೊದಲು ಮಾಲೀಕರಿಗೆ ಮೆತ್ತಗೆ ಹೇಳಿ. ಎರಡನೇ ಸಲವೂ ಕಂಡರೆ ಬಿಲ್ಲಿನ ಮೇಲಿರುವ 14 ಅಂಕಿಯ ಪರವಾನಗಿ ಸಂಖ್ಯೆ ಬರೆದುಕೊಂಡು ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಿ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲೂ ಕೊಡಬಹುದು. ಗೃಹಪ್ರವೇಶ, ನಾಮಕರಣ, ಆರತಿ ಇದ್ದರೆ ಗವಿಪುರದ ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್ ಇದೆ. ಸ್ಟೀಲ್ ತಟ್ಟೆ, ಲೋಟಗಳನ್ನು ಅಲ್ಲಿಂದ ತಂದು, ಬಳಸಿ, ಹಿಂದಿರುಗಿಸಬಹುದು. ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆ ಬಟ್ಟೆಚೀಲ ಹಿಡಿದು ಹೋಗಲು ಕಲಿತವರು ನಾವು. ತಿಂಡಿಗೆ ಡಬ್ಬಿ ಹಿಡಿಯುವುದು ಅದಕ್ಕಿಂತ ಕಷ್ಟವಲ್ಲ.

ಈ ಭಾನುವಾರವೇ ಶುರು ಮಾಡೋಣ. ಹತ್ತು ಜನ ಸಾಲಿನಲ್ಲಿ ನಿಂತು ಹತ್ತೂ ಜನ ಡಬ್ಬಿ ಚಾಚಿದರೆ ಪಾರ್ಸೆಲ್ ಕೌಂಟರಿನ ಹುಡುಗ ಹನ್ನೊಂದನೆಯವರನ್ನು ತಾನೇ ಕೇಳುತ್ತಾನೆ, "ಡಬ್ಬಿ ತಂದಿದೀರಾ?" ಅಂತ. ಮರೆತು ಬಂದಿದ್ದರೆ ಪಾರ್ಸೆಲ್ ಬೇಡ ಅನ್ನಿ, ಅಲ್ಲೇ ನಿಂತು ಬಿಸಿಬಿಸಿ ತಿಂದು ಹೋಗಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಯವರಿಗೆ ಕೊಡಿ.

ಇಂತಿ,
ನಿಮ್ಮ ನೆರೆಹೊರೆಯವರು