ಮುಚ್ಚಿದ ಬಟ್ಟಲಿನೊಳಗಣ ನಾದ

ಹೊಸೂರು ಯಂತ್ರಗಳ ಊರು. ಸಿಪ್‌ಕಾಟ್ ಕೈಗಾರಿಕಾ ಬಡಾವಣೆಗಳಲ್ಲಿ ಪಾಳಿಯ ಮೇಲೆ ಪಾಳಿ ದುಡಿಮೆ. 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ಸಾಗುವ ಲಾರಿಗಳ ಸಾಲು. ಕೃಷ್ಣಗಿರಿಯ ಕಡೆಗೆ ಹೋದರೆ ಗ್ರಾನೈಟ್ ಕೊಯ್ಯುವ ಗರಗಸಗಳ ಮೊರೆತ. ಈ ಸೀಮೆಯಲ್ಲಿ ಸಂಗೀತ ಕೇಳಬೇಕೆನ್ನುವವನು ಅದಕ್ಕೂ ಮೊದಲು ಒಂದಿಷ್ಟು ನಿಶ್ಶಬ್ದವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಒಂದೇ ಗೋಡೆಯ ಆಚೆ ಈಚೆ ಕನ್ನಡ, ತೆಲುಗು, ತಮಿಳು ಮಾತಿನ ಮನೆಗಳಿರುವ ವಠಾರದಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ನೆರೆಯವನು ಹಗಲಿನಲ್ಲಿ ಮಲಗಿರುವಾಗ, ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣಾವಾದನವನ್ನು ದೊಡ್ಡ ಸ್ಪೀಕರಿನಲ್ಲಿ ಹಾಕುವುದು ಸೌಜನ್ಯವೆನಿಸದು. ಹೀಗಿರುವಲ್ಲಿ ಒಳ್ಳೆಯ ಹೆಡ್‌ಫೋನ್ ಕೇವಲ ಶೋಕಿಯ ವಸ್ತುವಾಗಿ ಉಳಿಯುವುದಿಲ್ಲ.

ಕಿವಿಯನ್ನು ಪೂರ್ಣವಾಗಿ ಆವರಿಸುವ ಹೆಡ್‌ಫೋನ್‌ಗಳಲ್ಲಿ ಎರಡು ಬಗೆ. ಬಟ್ಟಲಿನ ಹಿಂಬದಿ ಜಾಲರಿಯಂತೆ ತೆರೆದಿರುವುದು ಒಂದು. ಪೂರ್ತಿ ಮುಚ್ಚಿರುವುದು ಇನ್ನೊಂದು. ತೆರೆದ ಬಗೆಯದರಲ್ಲಿ ನಾದವು ತಲೆಯ ಸುತ್ತ ಹರಡಿಕೊಂಡಂತೆ ಕೇಳುತ್ತದೆ. ಆದರೆ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಡಿಟಿ 48 ಎಂಬ ಡೈನಮಿಕ್ ಹೆಡ್‌ಫೋನನ್ನು ಹೊರತಂದಿತು. ತೆರೆದ ಬೆನ್ನಿನ ಹೆಡ್‌ಫೋನ್ ಜನಪ್ರಿಯವಾದುದು 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414ರಿಂದ. ಅಂದಿನಿಂದ ಶ್ರೇಷ್ಠ ಶ್ರವಣಕ್ಕೆ ತೆರೆದದ್ದು, ಧ್ವನಿಮುದ್ರಣ ಶಾಲೆಯ ಕೆಲಸಕ್ಕೆ ಮುಚ್ಚಿದ್ದು ಎಂಬ ವಾಡಿಕೆ ಬೆಳೆಯಿತು. ಆ ವಾಡಿಕೆಯನ್ನು ಕಳೆದ ಹತ್ತು ವರ್ಷಗಳ ಕೆಲವು ದುಬಾರಿ ಹೆಡ್‌ಫೋನ್‌ಗಳು ಸಡಿಲಿಸಿವೆ.

ಮುಚ್ಚಿದ ಬಟ್ಟಲಿನ ತೊಡಕು ಸರಳವಾದುದು. ಡ್ರೈವರಿನ ಪೊರೆ ಮುಂದಕ್ಕೆ ಎಷ್ಟು ಸದ್ದು ಹೊಮ್ಮಿಸುತ್ತದೆಯೋ ಹಿಂದಕ್ಕೂ ಅಷ್ಟೇ ಹೊಮ್ಮಿಸುತ್ತದೆ. ಹಿಂಬದಿಯ ಸದ್ದಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಗೋಡೆಗೆ ಬಡಿದು ಮರಳಿ ಪೊರೆಯನ್ನು ಅಲುಗಿಸುತ್ತದೆ. ಅದರಿಂದಲೇ ಅಗ್ಗದ ಮುಚ್ಚು ಹೆಡ್‌ಫೋನಿನಲ್ಲಿ ಗಾಯಕ ಕೊಡದೊಳಗೆ ಬಾಯಿಟ್ಟು ಹಾಡಿದಂತೆ ಕೇಳುವುದು. ಈ ಮರುಧ್ವನಿಯನ್ನು ಅಡಗಿಸುವ ಉಪಾಯದಲ್ಲಿಯೇ ಒಂದೊಂದು ಕಂಪನಿಯ ಜಾಣ್ಮೆ ಕಾಣುತ್ತದೆ.

ಜಪಾನಿನ ಸೋನಿ ಕಂಪನಿ 2016ರಲ್ಲಿ ತಂದ ಎಂಡಿಆರ್-ಝಡ್1ಆರ್ ಹೆಡ್‌ಫೋನಿನಲ್ಲಿ 70 ಮಿಲಿಮೀಟರಿನ ದೊಡ್ಡ ಡ್ರೈವರ್ ಇದೆ. ಅದರ ಮಂದ್ರಸ್ಥಾಯಿ ತುಂಬಿದ ಕೆರೆಯಂತೆ ಗಂಭೀರವಾದುದು. ಮೃದಂಗದ ಎಡಭಾಗದ ಗುಮಕಿ ಅದರಲ್ಲಿ ಎದೆಗೆ ತಾಗುವಷ್ಟು ದಟ್ಟವಾಗಿ ಬರುತ್ತದೆ. ಆದರೆ ಹಾಡುವ ಕಂಠ ಒಂದು ಹೆಜ್ಜೆ ಹಿಂದೆ ನಿಂತಂತೆ ತೋರುತ್ತದೆ. ಸೆನ್‌ಹೈಸರಿನವರು 2018ರಲ್ಲಿ ಹೊರತಂದ ಎಚ್‌ಡಿ 820ರ ಬಟ್ಟಲಿನ ಹಿಂಬದಿಗೆ ಬಾಗಿದ ಗಾಜನ್ನು ಕೂಡಿಸಿದರು. ಹಿಂಬದಿಯ ಸದ್ದನ್ನು ಆ ಗಾಜು ಬದಿಗೆ ತಿರುಗಿಸಿ, ಹೀರುವ ವಸ್ತುಗಳ ಕಡೆಗೆ ಕಳುಹಿಸುತ್ತದೆ. ಮುಚ್ಚಿದ ಹೆಡ್‌ಫೋನಿನಲ್ಲಿ ಅಪರೂಪವಾದ ವೈಶಾಲ್ಯ ಅದರಿಂದ ಒದಗಿತಾದರೂ ಮಂದ್ರಕ್ಕೂ ಮಧ್ಯಕ್ಕೂ ನಡುವಣ ಸ್ವರಗಳು ತುಸು ತೆಳುವಾದವು.

ಫ್ರಾನ್ಸಿನ ಫೋಕಲ್ ಕಂಪನಿಯ ಸ್ಟೆಲ್ಲಿಯಾ 2019ರದು. ಬೆರಿಲಿಯಂ ಲೋಹದ ತೆಳ್ಳನೆಯ ಗುಮ್ಮಟದ ಡ್ರೈವರ್ ಅದರದು. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದಕ್ಕೆ ಸುಮಾರು 3,000 ಡಾಲರ್ ಬೆಲೆ. ತಂತಿ ಮೀಟಿದ ಆ ಕ್ಷಣದ ಚುರುಕನ್ನು ತೋರಿಸುವುದರಲ್ಲಿ ಅದಕ್ಕೆ ಸಾಟಿಯಾದವು ಕಡಿಮೆ. ವೀಣೆಗೂ ಘಟಕ್ಕೂ ಹೇಳಿಮಾಡಿಸಿದಂತಹುದು. ಡೆನಾನ್ ಕಂಪನಿಯ ಎಎಚ್-ಡಿ9200ರ ಬಟ್ಟಲುಗಳು ಜಪಾನಿನ ಬಿದಿರಿನಿಂದ ಮಾಡಿದವು. ಅದರ ನಾದ ಸ್ಪಷ್ಟ, ಹಗುರ, ತಾರಸ್ಥಾಯಿಯ ಕಡೆಗೆ ತುಸು ಒಲಿದುದು. ಅಮೆರಿಕದ ಡ್ಯಾನ್ ಕ್ಲಾರ್ಕ್ ಆಡಿಯೊ 2021ರಲ್ಲಿ ತಂದ ಸ್ಟೆಲ್ತ್ ಇವೆಲ್ಲಕ್ಕಿಂತ ಸಮತೋಲವುಳ್ಳದ್ದು. ಪೊರೆಗೂ ಕಿವಿಗೂ ನಡುವೆ ಸೂಕ್ಷ್ಮ ಕೊಳವೆಗಳ ಜಾಲವೊಂದನ್ನು ಇರಿಸಿ ಬೇಡದ ಅನುರಣನವನ್ನು ಅಲ್ಲಿಯೇ ಅಡಗಿಸಲಾಗಿದೆ. ಯಾವ ಸ್ವರವೂ ಮುಂದೆ ನೂಕಿ ಬರುವುದಿಲ್ಲ, ಯಾವುದೂ ಹಿಂದೆ ಉಳಿಯುವುದಿಲ್ಲ. ಆದರೆ ಅದು ಬೇಡುವ ವಿದ್ಯುಚ್ಛಕ್ತಿ ಹೆಚ್ಚು. ಮೊಬೈಲಿಗೆ ನೇರವಾಗಿ ಸಿಕ್ಕಿಸಿದರೆ ಪಿಸುಗುಟ್ಟುತ್ತದೆ. 300 ಓಮ್‌ನ ಎಚ್‌ಡಿ 820ಕ್ಕೂ ಒಳ್ಳೆಯ ಆಂಪ್ಲಿಫೈಯರ್ ಬೇಕು. 35 ಓಮ್‌ನ ಸ್ಟೆಲ್ಲಿಯಾ ಮಾತ್ರ ಸಣ್ಣ ಸಲಕರಣೆಯಲ್ಲಿಯೂ ಧಾರಾಳವಾಗಿ ನುಡಿಯುತ್ತದೆ. ಬೆಲೆಯನ್ನು ಲೆಕ್ಕ ಹಾಕುವವರು ಈ ಆಂಪ್ಲಿಫೈಯರಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ನಾದದ ಮಾತು ಇಷ್ಟಾದರೆ ಸುಖದ ಮಾತು ಬೇರೆಯೇ. ಅಂಗಡಿಯಲ್ಲಿ ಐದು ನಿಮಿಷ ಧರಿಸಿದಾಗ ಎಲ್ಲ ಹೆಡ್‌ಫೋನೂ ಹಿತವೇ. ಒಂದು ಗಂಟೆಯ ಕಛೇರಿಯನ್ನು ಕೇಳಿ ಮುಗಿಸುವ ಹೊತ್ತಿಗೆ ನೆತ್ತಿ, ಕೆನ್ನೆ, ಕಿವಿಯ ಅಂಚು ಇವು ತಮ್ಮ ತೀರ್ಪು ಹೇಳುತ್ತವೆ. ಎಚ್‌ಡಿ 820 ಸುಮಾರು 360 ಗ್ರಾಂ, ಡೆನಾನ್ 375, ಸೋನಿ 385, ಸ್ಟೆಲ್ತ್ 415, ಸ್ಟೆಲ್ಲಿಯಾ 435 ಗ್ರಾಂ ತೂಗುತ್ತವೆ. ಇವುಗಳ ನಡುವಣ ಅಂತರ ಅಲ್ಪವೆಂದು ತೋರಬಹುದು. ಆದರೆ 650 ಗ್ರಾಂ ಮುಟ್ಟುವ ಆಡೀಝಿಯ ಎಲ್‌ಸಿಡಿ-ಎಕ್ಸ್‌ಸಿಯನ್ನು ಧರಿಸಿದವರು ಅದರ ನಾದವನ್ನು ಎಷ್ಟೇ ಹೊಗಳಿದರೂ ಕತ್ತಿನ ದಣಿವನ್ನೂ ಜೊತೆಗೇ ಹೇಳುತ್ತಾರೆ. ತೂಕಕ್ಕಿಂತಲೂ ಮುಖ್ಯವಾದುದು ಆ ತೂಕ ಹಂಚಿಕೆಯಾಗುವ ಬಗೆ. ಸೋನಿಯ ಅಗಲವಾದ ಮೆತ್ತೆಗಳೂ ಸ್ಟೆಲ್ತಿನ ತೂಗುಪಟ್ಟಿಯೂ ಭಾರವನ್ನು ಮರೆಸುತ್ತವೆ.

ಈ ಸೀಮೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಸೆಕೆ. ಹೊಸೂರಿನ ತಂಪು ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿಯುವಷ್ಟರಲ್ಲಿ ಉಳಿದಿರುವುದಿಲ್ಲ. ಮಾವಿನ ಸುಗ್ಗಿಯ ದಿನಗಳಲ್ಲಿ ತೊಗಲಿನ ಮೆತ್ತೆಯೊಳಗೆ ಕಿವಿ ಬೆವರುವುದು ನಿಶ್ಚಿತ. ಮಖಮಲ್ಲಿನ ಮೆತ್ತೆ ತಂಪು, ಆದರೆ ಹೊರಸದ್ದನ್ನು ತಡೆಯುವುದು ಕಡಿಮೆ. ಕೃತಕ ತೊಗಲು ಬೆವರು, ತೇವಗಳಿಂದ ಕೆಲವೇ ವರ್ಷಗಳಲ್ಲಿ ಪದರ ಪದರವಾಗಿ ಉದುರುತ್ತದೆ. ಬದಲಿ ಮೆತ್ತೆ ಸುಲಭವಾಗಿ ದೊರೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ವಿವೇಕ.

ಮೆತ್ತೆ ಕೆನ್ನೆಗೆ ಸರಿಯಾಗಿ ಕೂಡದಿದ್ದರೆ ಸುಖವಷ್ಟೇ ಅಲ್ಲ, ನಾದವೂ ಕೆಡುತ್ತದೆ. ಕನ್ನಡಕದ ಕಡ್ಡಿ, ಕಿವಿಯ ಓಲೆ, ದಪ್ಪ ಜಡೆ, ಇವು ಮೆತ್ತೆಗೂ ಚರ್ಮಕ್ಕೂ ನಡುವೆ ಬಿಡುವ ಸಣ್ಣ ಸಂದಿನಿಂದ ಮಂದ್ರದ ಸದ್ದು ಸೋರಿಹೋಗುತ್ತದೆ. ಗಂಡುದನಿಗೆ ಶ್ರುತಿ ಕೂಡಿಸಿದ ತಂಬೂರಿಯ ಮಂದ್ರ ಷಡ್ಜದ ತಂತಿ ಸುಮಾರು 65ರಿಂದ 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಸಂದು ಬಿದ್ದರೆ ಮೊದಲು ಬಡವಾಗುವುದು ಆ ತಂತಿಯ ಆಧಾರನಾದವೇ. ಎರಡು ಲಕ್ಷ ರೂಪಾಯಿಯ ಹೆಡ್‌ಫೋನ್ ಎರಡು ಸಾವಿರದ್ದರಂತೆ ಕೇಳಲು ಒಂದು ಕನ್ನಡಕ ಸಾಕು.

ಯಾವುದನ್ನು ಕೇಳುವುದಕ್ಕೆ ಕೊಳ್ಳುತ್ತಿರುವುದು ಎಂಬ ಪ್ರಶ್ನೆಯೂ ಮುಖ್ಯ. ಮಲ್ಲಿಕಾರ್ಜುನ ಮನ್ಸೂರರ, ಚೌಡಯ್ಯನವರ ಏಳುತಂತಿಯ ಪಿಟೀಲಿನ ಹಳೆಯ ಮುದ್ರಿಕೆಗಳು ಒಂದೇ ವಾಹಿನಿಯ ಮುದ್ರಣಗಳು. ರಾಜನ್–ನಾಗೇಂದ್ರ, ಜಿ. ಕೆ. ವೆಂಕಟೇಶ್ ಅವರ ತೊಡಗುಕಾಲದ ಚಿತ್ರಗೀತೆಗಳೂ ಹಾಗೆಯೇ. ಅವು ಎಡ-ಬಲವಾಗಿ ಹರಡಿಕೊಳ್ಳದೆ ತಲೆಯ ನಡುವಿನಲ್ಲಿಯೇ ನಿಲ್ಲುತ್ತವೆ. ತಾರಸ್ಥಾಯಿಯನ್ನು ಎತ್ತಿ ತೋರಿಸುವ ಹೆಡ್‌ಫೋನಿನಲ್ಲಿ ಆ ಮುದ್ರಣಗಳ ಸರಸರ ಸದ್ದು ಹಾಡಿಗಿಂತ ಮುಂದೆ ಬರುತ್ತದೆ. ಇಂತಹ ಸಂಗೀತವನ್ನೇ ಹೆಚ್ಚಾಗಿ ಕೇಳುವ ಮನೆಗೆ ವೈಶಾಲ್ಯದ ಹೆಗ್ಗಳಿಕೆಗಿಂತ ಮಧ್ಯಸ್ಥಾಯಿಯ ಪ್ರಾಮಾಣಿಕತೆ ಹೆಚ್ಚು ಉಪಯುಕ್ತ. ಆ ದೃಷ್ಟಿಯಿಂದ ನೋಡಿದರೆ ಮೇಲಿನ ಐದರಲ್ಲಿ ಸ್ಟೆಲ್ತ್ ಮೊದಲನೆಯದು, ಸ್ಟೆಲ್ಲಿಯಾ ಎರಡನೆಯದು.

ಆದರೆ ಈ ತಾರತಮ್ಯವೆಲ್ಲ ಕಿವಿ ಚೆನ್ನಾಗಿರುವವರೆಗಿನ ಮಾತು. ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಯಂತ್ರದ ಸದ್ದು ಮೊದಲು ಕೆಡಿಸುವುದು 4,000 ಹರ್ಟ್ಸ್‌ನ ಆಸುಪಾಸಿನ ಶ್ರವಣವನ್ನು. ಸ, ಶ, ಚ ಮುಂತಾದ ಅಕ್ಷರಗಳ ಸ್ಪಷ್ಟತೆಯಲ್ಲಿ ಬಹುಪಾಲು ಇರುವುದು ಆ ಮೇಲಿನ ವಲಯದಲ್ಲಿ. ತಂಬೂರಿಯ ಜೀವಾಳದ ಮಿನುಗೂ ಅಲ್ಲಿಯೇ. ಈ ನಷ್ಟ ನೋವಿಲ್ಲದೆ, ಸುಳಿವಿಲ್ಲದೆ ಆಗುವಂತಹುದು. ಹಲವು ವರ್ಷ ಯಂತ್ರದ ಬಳಿ ದುಡಿದವನಿಗೆ ಸಮತೋಲದ ಹೆಡ್‌ಫೋನ್ ಮಂಕಾಗಿ ಕೇಳಿಸಬಹುದು. ತಾರವನ್ನು ಚುಚ್ಚುವಂತೆ ನುಡಿಸುವುದೇ ಶ್ರೇಷ್ಠವೆನಿಸಬಹುದು. ಅವನು ಹೆಡ್‌ಫೋನಿನ ಗುಣವೆಂದು ಭಾವಿಸಿದ್ದು ತನ್ನ ಕಿವಿಯ ಕೊರತೆಯಾಗಿರುತ್ತದೆ. ಆ ಕೊರತೆಯನ್ನು ತುಂಬಲು ಸದ್ದು ಏರಿಸಿದಷ್ಟೂ ಉಳಿದುದೂ ಸವೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬಲ್ ಏರಿದರೆ ಅವಧಿ ಅರ್ಧವಾಗುತ್ತದೆ. 90 ಡೆಸಿಬಲ್‌ಗೆ ವಾರಕ್ಕೆ ನಾಲ್ಕೇ ಗಂಟೆ. ನಮ್ಮ ದೇಶದ ಕಾರ್ಖಾನೆ ನಿಯಮಗಳು 8 ಗಂಟೆಯ ಪಾಳಿಗೆ 90 ಡೆಸಿಬಲ್‌ವರೆಗೆ ಅವಕಾಶ ಕೊಡುತ್ತವೆ. ಅಷ್ಟು ಸದ್ದಿನ ನಡುವೆ ರಕ್ಷಾಕವಚವಿಲ್ಲದೆ ದುಡಿಯುವವನ ಕಿವಿಯ ವಾರದ ಪಾಲು ಮೊದಲ ದಿನದ ಅರ್ಧ ಪಾಳಿಗೇ ತೀರಿಹೋಗುತ್ತದೆ. ಮನೆಗೆ ಬಂದು ಕೇಳುವ ಸಂಗೀತವೆಲ್ಲ ಸಾಲದ ಖಾತೆಗೆ ಬರೆದಂತೆ.

ಮುಚ್ಚಿದ ಹೆಡ್‌ಫೋನಿನ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಫ್ಯಾನಿನ, ಬೀದಿಯ, ಪಕ್ಕದ ಮನೆಯ ಟಿವಿಯ ಸದ್ದನ್ನು ಮೀರಿಸಲು ತೆರೆದ ಹೆಡ್‌ಫೋನಿನಲ್ಲಿ ದನಿಯನ್ನು ಏರಿಸಲೇಬೇಕು. ಬಿಗಿಯಾಗಿ ಕೂಡುವ ಮುಚ್ಚಿದ ಬಟ್ಟಲು ಆ ಸದ್ದನ್ನು ಹೊರಗಿಡುತ್ತದೆ. ಸಂಗೀತ ಮೆಲುದನಿಯಲ್ಲಿಯೇ ಪೂರ್ಣವಾಗಿ ಕೇಳುತ್ತದೆ. ಯಾವ ಹೆಡ್‌ಫೋನ್ ದನಿಯನ್ನು ತಗ್ಗಿಸಲು ಅನುವು ಮಾಡಿಕೊಡುತ್ತದೆಯೋ ಅದೇ ಈ ಊರಿಗೆ ಉತ್ತಮವಾದುದು. ಆದರೆ ಬಸ್ಸಿನ ಎಂಜಿನ್ನಿನಂತಹ ಮಂದ್ರದ ಗುಡುಗನ್ನು ಬರಿಯ ಬಟ್ಟಲು ತಡೆಯಲಾರದು. ಹೊಸೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವವರಿಗೆ ಸದ್ದಡಗಿಸುವ ವಿದ್ಯುತ್ ಸಾಧನವುಳ್ಳ ಹೆಡ್‌ಫೋನೇ ಲೇಸು. ವಿಮಾನದ ಮೊರೆತದಿಂದ ಬೇಸತ್ತ ಅಮರ್ ಬೋಸ್ 1978ರಲ್ಲಿ ಹಿಡಿದ ಆ ಎಳೆಯ ಫಲ ಇಂದು ಇಪ್ಪತ್ತು ಮೂವತ್ತು ಸಾವಿರಕ್ಕೆ ದೊರೆಯುತ್ತದೆ. ಇವಾವುವೂ ಕಾರ್ಖಾನೆಯ ರಕ್ಷಾಕವಚಕ್ಕೆ ಬದಲಿಯಲ್ಲ. ಯಂತ್ರದ ಮುಂದೆ ಧರಿಸಬೇಕಾದುದು ಅದಕ್ಕೆಂದೇ ಮಾಡಿದ ಕಿವಿಮುಚ್ಚಳವನ್ನೇ.

ಲಕ್ಷಗಳ ಮಾತು ಕೇಳಿ ಎದೆಗುಂದಬೇಕಾಗಿಲ್ಲ. ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 283 ಹೆಡ್‌ಫೋನ್‌ಗಳನ್ನು ಅಳೆದು, ಅವುಗಳ ಸ್ವರಸಮತೋಲಕ್ಕೂ ಬೆಲೆಗೂ ಸಂಬಂಧವಿಲ್ಲವೆಂದು ಕಂಡುಕೊಂಡಿತು. 1985ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಬೇಯರ್‌ಡೈನಮಿಕ್ ಡಿಟಿ 770 ಪ್ರೊ 270 ಗ್ರಾಂ ತೂಗುತ್ತದೆ, ಮಖಮಲ್ಲಿನ ಮೆತ್ತೆಯುಳ್ಳದ್ದು, ಮೇಲೆ ಹೇಳಿದವುಗಳ ಬೆಲೆಯಲ್ಲಿ ಸಣ್ಣ ಪಾಲಿಗೆ ದೊರೆಯುತ್ತದೆ. ತಾರದಲ್ಲಿ ಅದು ತುಸು ಹರಿತ. ಮೊಬೈಲಿನ ಈಕ್ವಲೈಜರಿನಲ್ಲಿ ಅದನ್ನು ತಗ್ಗಿಸಿಕೊಳ್ಳಬಹುದು. ದುಬಾರಿಯದು ಕೊಡುವ ಹೆಚ್ಚಿನ ಸೂಕ್ಷ್ಮತೆ ಸುಳ್ಳಲ್ಲ. ಆದರೆ ಆ ಸೂಕ್ಷ್ಮತೆಯನ್ನು ಹಿಡಿಯಬಲ್ಲ ಕಿವಿ ಮೊದಲು ಇರಬೇಕು.

ಆದ್ದರಿಂದ ಕೊಳ್ಳಹೊರಟವರು ಕ್ರಮವನ್ನು ತುಸು ಬದಲಿಸಿಕೊಳ್ಳುವುದು ಒಳಿತು. ಮೊದಲು ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಯಲ್ಲಿಯಾಗಲಿ, ಹತ್ತಿರದ ಕಿವಿ ವೈದ್ಯರಲ್ಲಿಯಾಗಲಿ ಅದು ಅರ್ಧ ಗಂಟೆಯ ಕೆಲಸ. ಆಮೇಲೆ ಚೆನ್ನೈಗೋ ಬೆಂಗಳೂರಿಗೋ ಹೋಗಿ, ತಾವು ಬಲ್ಲ ಹಾಡನ್ನೇ ಜೊತೆಗೊಯ್ದು, ಕನ್ನಡಕ ಓಲೆಗಳನ್ನು ತೆಗೆಯದೆ, ಮುಕ್ಕಾಲು ಗಂಟೆಯಾದರೂ ಕೇಳಬೇಕು. ಕೊನೆಯಲ್ಲಿ ನೋಡಬೇಕಾದುದು ಒಂದೇ: ಹಾಡು ಮುಗಿಯುವ ಹೊತ್ತಿಗೆ ಕೈ ದನಿಯನ್ನು ಏರಿಸಿತ್ತೋ, ಇಳಿಸಿತ್ತೋ ಎಂಬುದು.