ಸಿದ್ದಾಪುರದ ತಾರಸಿಗಳಿಗೆ ಇಪ್ಪತ್ತೈದು ವರ್ಷದ ಲೆಕ್ಕ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ (ಬೆಸ್ಕಾಂ), ಬೆಂಗಳೂರು.

ಮಾನ್ಯರೇ,

ತಾರಸಿಯ ಮೇಲೆ ಕೂರಿಸಿದ ಸೋಲಾರ್ ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಆದರೆ ಅದರ ಗಾತ್ರವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಕೈಯಲ್ಲಿರುವ ಕರೆಂಟ್ ಬಿಲ್ಲು. 2023ರಲ್ಲಿ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗಿನ ಎಷ್ಟೋ ಮನೆಗಳಿಗೆ ಬರುವುದು ಶೂನ್ಯ ಬಿಲ್ಲು. ಆ ಮಿತಿ ದಾಟಿದ ತಿಂಗಳು ಮಾತ್ರ ಪೂರ್ತಿ ಹಣ ಕಟ್ಟಬೇಕು.

ಮಿತಿ ದಾಟಿಸುವ ಸಾಮಾನುಗಳು ಒಂದೊಂದಾಗಿ ಮನೆ ಸೇರುತ್ತಿವೆ. ತಿಂಗಳಿಗೆ 150 ಯೂನಿಟ್ ಉರಿಸುವ ಮನೆಯಲ್ಲಿ ನಿತ್ಯದ ಅಡುಗೆ ಇಂಡಕ್ಷನ್ ಒಲೆಗೆ ಬಂದರೆ ಸುಮಾರು 45 ಯೂನಿಟ್ ಕೂಡುತ್ತದೆ. ದಿನಕ್ಕೆ 30 ಕಿ.ಮೀ. ಓಡುವ ಎಲೆಕ್ಟ್ರಿಕ್ ಸ್ಕೂಟರಿಗೆ ಸುಮಾರು 30, ತಿಂಗಳಿಗೆ 1,000 ಕಿ.ಮೀ. ಓಡುವ ಕಾರಿಗೆ ಸುಮಾರು 150. ಒಟ್ಟು 375. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಇಂದು ಒಂದೂವರೆ ಕಿಲೋವ್ಯಾಟ್ ಧಾರಾಳವಾಗಿ ಸಾಕಾಗುವ ಮನೆಗೆ ನಾಳೆ ಮೂರಕ್ಕೂ ಮಿಕ್ಕಿ ಬೇಕು.

ಮೂರು ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಲಾಲ್‌ಬಾಗ್‌ಗೆ ಅಂಟಿಕೊಂಡ ಸಿದ್ದಾಪುರದ ಇಕ್ಕಟ್ಟಿನ ಗಲ್ಲಿಗಳಲ್ಲಿ 20x30ರ ತಾರಸಿ ಎಂದರೆ 600 ಚದರ ಅಡಿ. ಅದರಲ್ಲೇ ನೀರಿನ ಟ್ಯಾಂಕು, ಮೆಟ್ಟಿಲಿನ ಕೋಣೆ, ಬಿಸಿನೀರಿನ ಸೋಲಾರ್, ಬಟ್ಟೆ ಒಣಗಿಸುವ ತಂತಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ನೆರೆಮನೆ 10 ಅಡಿ ಮೇಲೆದ್ದರೆ ಆ ಹೊತ್ತಿಗೂ ಇತ್ತ 7 ಅಡಿ ನೆರಳು ಬೀಳುತ್ತದೆ. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಆದ್ದರಿಂದ ಪಕ್ಕದಲ್ಲಿ ಮುಂದೆ ಏಳಬಹುದಾದ ಮಹಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಫಲಕಗಳನ್ನು ಹಂತಹಂತವಾಗಿ ಹಾಕಿಸಬಹುದು, ಇನ್ವರ್ಟರನ್ನು ಹಾಗೆ ಬೆಳೆಸಲಾಗದು. ಇಂದು 2 ಕಿಲೋವ್ಯಾಟ್ ಫಲಕ ಸಾಕೆನ್ನುವವರೂ ಇನ್ವರ್ಟರ್, ಕಬ್ಬಿಣದ ಚೌಕಟ್ಟು, ಕೇಬಲ್ ಪೈಪುಗಳನ್ನು 3 ಕಿಲೋವ್ಯಾಟ್‌ಗೆ ಹೊಂದಿಸಿಕೊಂಡರೆ ಮುಂದೆ ಒಡೆದು ಕಟ್ಟುವ ಖರ್ಚು ಉಳಿಯುತ್ತದೆ. ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್, ಲೈನ್‌ಮನ್ ಸುರಕ್ಷತೆಗಾಗಿ, ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಮುಂದೆ ಬ್ಯಾಟರಿ ಸೇರಿಸುವ ಯೋಚನೆಯಿದ್ದರೆ ಮೊದಲೇ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್ ಆರಿಸುವುದು ಲೇಸು.

ನೆರವೂ ನಿಯಮವೂ ಈ ಮುಂದಾಲೋಚನೆಗೆ ಅನುಕೂಲವಾಗಿಯೇ ಇವೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅದೇ ವರ್ಷ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ 10 ಕಿಲೋವ್ಯಾಟ್‌ವರೆಗಿನ ತಾರಸಿ ಸೋಲಾರ್ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಫಲಕಗಳ ಸಾಮರ್ಥ್ಯಕ್ಕೆ ತಕ್ಕಂತೆ ಮನೆಗೆ ಮಂಜೂರಾದ ಲೋಡ್ ಹೆಚ್ಚಿಸುವ ಹೊಣೆ ವಿತರಣಾ ಕಂಪನಿಯದು.

ಇಷ್ಟನ್ನು ಅರ್ಜಿ ಹಾಕುವ ಮುನ್ನವೇ ಗ್ರಾಹಕರಿಗೆ ತಿಳಿಸಬೇಕು. ಮುಂದಿನ ಹತ್ತು ವರ್ಷದಲ್ಲಿ ಕೂಡಬಹುದಾದ ಬಳಕೆ, ತಾರಸಿಯ ನೆರಳು, ಇನ್ವರ್ಟರಿನ ಅಳತೆ, ಲೋಡ್ ಹೆಚ್ಚಳ ಇವನ್ನೆಲ್ಲ ಲೆಕ್ಕ ಹಾಕಿಸುವ ಒಂದು ಪುಟದ ಕನ್ನಡ ಕೈಪಿಡಿ ಪ್ರತಿ ಉಪವಿಭಾಗದ ಕಚೇರಿಯಲ್ಲೂ ಸಿಗಲಿ. ಹಂತಹಂತವಾಗಿ ಫಲಕ ಸೇರಿಸುವವರಿಗೆ ಅನುಮತಿಯ ಕ್ರಮ ಸರಳವಾಗಲಿ. ತಾವು ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ಇಂತಿ,
ಸಿದ್ದಾಪುರದ ಒಬ್ಬ ಗ್ರಾಹಕ